ಚಿನ್ನಕ್ಕಿಂತ ಹಗುರ

ಹೋದ ತಿಂಗಳು ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆಯುವ ಮುಂಚೆ ನನ್ನ ಎದೆಗೊಂದು ಹೊದಿಕೆ ಹಾಕಿದರು. ನೋಡಲು ಮಳೆಕೋಟಿನಷ್ಟು ತೆಳು. ಹಾಕಿದ ಕೂಡಲೇ ಯಾರೋ ಮೇಲೆ ಕೂತಂತಾಯಿತು. "ಒಳಗೆ ಸೀಸ ಇದೆ ಅಜ್ಜಾ" ಎಂದರು. ಸೀಸ ಎಂದೊಡನೆ ನನಗೆ ಹಲ್ಲುನೋವು ಮರೆತು ಶಿರಾಳಕೊಪ್ಪದ ಬಸ್ ನಿಲ್ದಾಣ ನೆನಪಾಯಿತು.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟ್ರು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಗತ್ತು ಮಾತ್ರ ಪೂರ್ತಿ ಬಂದಿತ್ತು. ಮೇಜಿನ ಮೇಲೆ ಒಂದೇ ಅಳತೆಯ ಮರ, ಕಲ್ಲು, ಕಬ್ಬಿಣ, ಸೀಸದ ತುಂಡುಗಳನ್ನು ಇಟ್ಟುಕೊಂಡು ಪಾಠ ಮಾಡುತ್ತಿದ್ದೆ. ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎರಡೂವರೆ ಪಟ್ಟು ಭಾರ, ಕಬ್ಬಿಣ ಸುಮಾರು ಎಂಟು, ಸೀಸ ಹನ್ನೊಂದು, ಚಿನ್ನ ಹತ್ತೊಂಬತ್ತು. ಚಿನ್ನದ ತುಂಡು ಪುಸ್ತಕದಲ್ಲಷ್ಟೇ ಇತ್ತೆಂದು ಬೇರೆ ಹೇಳಬೇಕಿಲ್ಲ. ಸೀಸದ್ದನ್ನು ಎರಕ ಹೊಯ್ದು ಕೊಟ್ಟವರು ಊರಿನ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುತ್ತಿದ್ದ ನನ್ನ ಗೆಳೆಯ ಕರೀಂ ಸಾಬರು.

ಅವರಿಗೆ ಸೊರಬ ಸೀಮೆಯ ಆನವಟ್ಟಿಯಲ್ಲಿ ಸ್ವಂತ ಅಚ್ಚುಕೂಟ ತೆರೆಯುವ ಆಸೆ. ಹಳೆಯ ಯಂತ್ರವೊಂದನ್ನು ಕೊಂಡು ಗಾಡಿಯಲ್ಲಿ ಮೊದಲೇ ಕಳಿಸಿದ್ದರು. ಉಳಿದದ್ದು ಒಂದು ಪೆಟ್ಟಿಗೆ ಅಚ್ಚುಮೊಳೆ, ಅಂದರೆ ಸೀಸದ ಅಕ್ಷರಗಳು. ಅದನ್ನು ಬಸ್ಸಿಗೆ ಹಾಕಿಕೊಂಡು ಅವರು, ಅವರ ಹೆಂಡತಿ ಅಮೀನಾ, ಜೊತೆಗೆ ರಜೆ ಹಾಕಿದ್ದ ನಾನು ಹೊರಟೆವು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಮೊಳದುದ್ದದ ಪೆಟ್ಟಿಗೆಯಲ್ಲವೇ ಎಂದು ಹಮಾಲಿ ಒಬ್ಬನೇ ಎತ್ತಲು ಹೋಗಿ ಮುಗ್ಗರಿಸಿದ.

"ಏನ್ ತುಂಬೀರಿ ಸಾಬ್ರೆ ಇದ್ರಾಗೆ? ಚಿನ್ನ ಗಿನ್ನ ಐತೇನು?"

ತಮಾಷೆಗೆ ಅಂದದ್ದು. ಆದರೆ ಆ ಮಾತು ಕಾದು ನಿಂತಿದ್ದವರ ಬಾಯಿಂದ ಬಾಯಿಗೆ ಹೋಗಿ ಪೊಲೀಸ್ ಪೇದೆಯೊಬ್ಬರನ್ನು ಕರೆತಂದಿತು. ಕಳ್ಳಮಾಲಿರಬಹುದೆಂದು ಅವರು ಪೆಟ್ಟಿಗೆ ತೆರೆಸಿದರು. ಒಳಗೆ ಒಂದೇ ಅಳತೆಯ ಕಾಗದದ ಪೊಟ್ಟಣಗಳು. ಕರೀಂ ಸಾಬರು ಒಂದನ್ನು ಬಿಚ್ಚಿ ಬೂದುಬಣ್ಣದ ಅಕ್ಷರಗಳನ್ನು ತೋರಿಸಿದರು.

"ಇದು ಸರಿ. ಉಳಿದಿದ್ರಾಗೆ ಏನೈತೆ? ಎಲ್ಲಾ ಸುರೀರಿ ಇಲ್ಲಿ" ಎಂದರು ಪೇದೆ.

ಕರೀಂ ಸಾಬರ ಮುಖ ಬಿಳಿಚಿತು. "ಸುರಿದ್ರೆ ಕಾಗುಣಿತ, ಒತ್ತು ಎಲ್ಲಾ ಕಲಸಿ ಹೋಗ್ತಾವ್ರೀ. ಮತ್ತೆ ಆರಿಸೋಕೆ ತಿಂಗಳುಗಟ್ಟಲೆ ಬೇಕು."

ಆಗ ನನ್ನೊಳಗಿನ ಮೇಷ್ಟ್ರು ಎದ್ದುಬಿಟ್ಟ. ಎದುರಿನ ಬೆಲ್ಲದ ಮಂಡಿಯಿಂದ ತಕ್ಕಡಿ ತರಿಸಿದೆ. "ಇಷ್ಟೇ ಗಾತ್ರದ ಪೊಟ್ಟಣದಲ್ಲಿ ಚಿನ್ನ ಇದ್ದರೆ ಹತ್ತಿರಹತ್ತಿರ ಇಮ್ಮಡಿ ತೂಗಬೇಕು" ಎಂದು, ಬಿಚ್ಚಿದ್ದನ್ನು ಮತ್ತೆ ಕಟ್ಟಿಸಿ ಒಂದು ತಟ್ಟೆಗಿಟ್ಟು, ಉಳಿದವನ್ನು ಒಂದೊಂದಾಗಿ ಇನ್ನೊಂದು ತಟ್ಟೆಗೆ ಹಾಕಿಸಿದೆ. ಪ್ರತಿ ಸಲವೂ ಮುಳ್ಳು ನಡುವೆಯೇ ನಿಂತಿತು. ಚಪ್ಪಾಳೆಯೊಂದೇ ಬಾಕಿ ಎಂದುಕೊಂಡೆ.

ಪೇದೆ ನನ್ನನ್ನೇ ದಿಟ್ಟಿಸಿದರು. "ಚಿನ್ನದ ತೂಕ ನಿಮಗೆ ಹೆಂಗ್ರೀ ಇಷ್ಟು ಚೆನ್ನಾಗಿ ಗೊತ್ತು?"

ವಿವರಿಸಿದಷ್ಟೂ ಅನುಮಾನ ನನ್ನ ಮೇಲೂ ಹಬ್ಬಿತು. ಕೊನೆಗೆ ಅವರು ಕೈ ಬೀಸಿ, "ಲೆಕ್ಕ ಬ್ಯಾಡ. ಸುರೀರಿ" ಎಂದರು.

ಅಷ್ಟು ಹೊತ್ತೂ ದೂರ ನಿಂತಿದ್ದ ಅಮೀನಾ ಮುಂದೆ ಬಂದು, ಪೊಟ್ಟಣಗಳನ್ನು ಪೆಟ್ಟಿಗೆಗೆ ತುಂಬಿ, ಮುಚ್ಚಳ ಎಳೆದು, ಅದರ ಮೇಲೆಯೇ ಕೂತರು. ಎರಡೂ ಕೈ ಚಾಚಿದರು. ಗಾಜಿನ ಬಳೆ ಬಿಟ್ಟರೆ ಏನೂ ಇರಲಿಲ್ಲ.

"ಇದ್ರಾಗೆ ಇರೋದು ನನ್ನ ಬಳೆ ಸಾಹೇಬ್ರೆ. ಚಿನ್ನದ್ದಿತ್ತು, ಮಾರಿ ಸೀಸ ತಂದೀವಿ. ಸುರೀಬೇಕಂದ್ರೆ ನನ್ನ ಎಬ್ಬಿಸಿ ಸುರೀರಿ."

ಪೇದೆ ಆ ಕೈಗಳನ್ನೇ ಒಂದು ಕ್ಷಣ ನೋಡಿ, "ಹೋಗ್ರಿ, ಹೋಗ್ರಿ. ಬಸ್ಸು ಬಂತು" ಎಂದು ಹೊರಟುಹೋದರು. ಹಮಾಲಿಯೇ ಇನ್ನೊಬ್ಬನನ್ನು ಕರೆದು ಪೆಟ್ಟಿಗೆ ಏರಿಸಿದ.

ಆನವಟ್ಟಿಯ ಅಚ್ಚುಕೂಟ ಬಹಳ ವರ್ಷ ನಡೆಯಿತು; ಮದುವೆಯ ಕರೆಯೋಲೆ, ಮಂಡಿಯ ರಸೀತಿ, ನಾಟಕದ ಕರಪತ್ರ. ನಾನೋ, ಈ ಕಥೆಯನ್ನು ವರ್ಷವರ್ಷವೂ ತರಗತಿಯಲ್ಲಿ ತಕ್ಕಡಿಯ ವಿಜಯವೆಂದೇ ಹೇಳಿದೆ. ಅಮೀನಾ ಅದರಲ್ಲಿ ಒಂದು ವಾಕ್ಯಕ್ಕೆ ಬಂದು ಹೋಗುತ್ತಿದ್ದರು.

ಕರೀಂ ಸಾಬರು ಈಗಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಯಾಕೋ ಅಮೀನಾ ಅವರನ್ನು ನೋಡಬೇಕೆನಿಸಿ ಆನವಟ್ಟಿಗೆ ಹೋದೆ. ಚಹಾ ತಂದಿಟ್ಟರು. ಮಾತಿಗೆ ಮಾತು ಬಂದು ತಕ್ಕಡಿಯ ಕಥೆ ತೆಗೆದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದ್ರಾಗೆ ಚಿನ್ನ ಇತ್ರೀ ಮೇಷ್ಟ್ರೆ. ನಮ್ಮಮ್ಮ ಕೊಟ್ಟ ಜುಮ್ಕಿ. ಒಂದು ಪೊಟ್ಟಣದಾಗೆ ಸೇರಿಸಿ ಕಟ್ಟಿದ್ದೆ. ಬೆಲ್ಲ ತೂಗೋ ತಕ್ಕಡಿಗೆ ಅಷ್ಟು ಹಗುರದ್ದು ಎಲ್ಲಿ ತಿಳೀಬೇಕು?"

"ಕರೀಂ ಸಾಬರಿಗೆ ಗೊತ್ತಿತ್ತೆ?"

"ಗೊತ್ತಿದ್ರೆ ಅವೂ ಅಕ್ಷರ ಆಗ್ತಿದ್ವು" ಎಂದು ಸೆರಗು ಸರಿಸಿದರು. ಜುಮ್ಕಿ ಕಿವಿಯಲ್ಲೇ ಇದ್ದವು.

ಅಂದು ಪೆಟ್ಟಿಗೆಯ ಮೇಲೆ ಕೂತಾಗ ಆಕೆ ಎಷ್ಟು ಹೆದರಿದ್ದಿರಬೇಕೆಂದು ನನಗೆ ಹೊಳೆದದ್ದು ಆಗಲೇ. ಚಹಾ ಆರಿಹೋಗಿತ್ತು. ಹಾಗೆಯೇ ಕುಡಿದೆ.