ಕೆನ್ನೆಗೆ ಒತ್ತಿದ ಸೀರೆ

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದರು. ಕಣ್ಣು ಮುಚ್ಚಿ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿದರೆ ಸಾಕು, ಇದು ಅಸಲಿ ರೇಷ್ಮೆ, ಇದು ಆರ್ಟ್ ಸಿಲ್ಕ್, ಈ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಭದ್ರಾವತಿಯಿಂದ ಮದುವೆ ಜವಳಿಗೆ ಬಂದವರು, ಅಪ್ಪ ಊಟ ಮಾಡುತ್ತಿದ್ದರೆ ಕಾದು ಕೂರುತ್ತಿದ್ದರು.

ಮನೆಯಲ್ಲೂ ಬಟ್ಟೆಯದೆಲ್ಲ ಅವರದೇ ಕಾರುಬಾರು. ಅಮ್ಮನ ರೇಷ್ಮೆ ಸೀರೆಗಳನ್ನು ಹಳೆ ಪಂಚೆಯಲ್ಲಿ ಸುತ್ತಿಡುವುದು, ಗೆರೆ ಬಿದ್ದಲ್ಲಿ ಸೀಳದಿರಲಿ ಎಂದು ಆಗಾಗ ಮಡಿಕೆ ಬದಲಿಸುವುದು, ಅಂಟುವಾಳದ ನೀರಲ್ಲಿ ಅದ್ದಿ ನೆರಳಲ್ಲಿ ಹರವುವುದು, ಯಾವುದನ್ನೂ ನಮಗೆ ಬಿಡುತ್ತಿರಲಿಲ್ಲ. ಹಾಗಾಗಿ ನಾನು ಏನನ್ನೂ ಕಲಿಯಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿ ಎಂ.ಎ. ಓದುತ್ತಿದ್ದೆ. ಒಂದು ಭಾನುವಾರ ಅಪ್ಪ ಬೀರುವಿನ ಮುಂದೆ ನಿಂತು ಅಮ್ಮನ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಿದ್ದರು.

“ಏನಪ್ಪ ಅದು?”

ಅವರು ಬೆಚ್ಚಿದರು. “ಬೆರಳು ಜೋಮು ಹಿಡ್ದಂಗಿರ್ತವೆ ಕಣೆ. ಶುಗರ್ ಇದ್ಯಲ್ಲ, ಅದ್ಕೇ ಅಂತೆ. ಕೆನ್ನೇಲಿ ಇನ್ನೂ ಗೊತ್ತಾಗುತ್ತೆ. ಅಂಗಡೀಲಿ ಯಾರಿಗೂ ಹೇಳ್ಬೇಡ.”

ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಹೋದ ಸ್ಪರ್ಶ ಮರಳಿ ಬರುವುದು ಕಷ್ಟ ಎಂದೂ ಹೇಳಿದ್ದರು.

ಅದಾಗಿ ತಿಂಗಳೊಳಗೆ, ಬುತ್ತಿ ಕೊಡಲು ನಾನು ಅಂಗಡಿಗೆ ಹೋದಾಗ ಭದ್ರಾವತಿಯ ಹೆಂಗಸೊಬ್ಬರು ಜೋರಾಗಿ ಕೂಗಾಡುತ್ತಿದ್ದರು. ಮಗಳ ಧಾರೆಗೆಂದು ಅಪ್ಪನ ಕೈಯಿಂದಲೇ ಆರಿಸಿಕೊಂಡ ಸೀರೆ. ಕುಚ್ಚು ಕಟ್ಟುವವಳು ಅನುಮಾನದಿಂದ ಒಂದು ಎಳೆ ಸುಟ್ಟು ನೋಡಿದ್ದಳು. ಅದು ಬೂದಿಯಾಗದೆ ಕರಗಿ, ಗಟ್ಟಿ ಮಣಿಯಂತಾಗಿತ್ತು.

“ನಿಮ್ಮನ್ನ ನಂಬಿ ತಗೊಂಡ್ವಲ್ರೀ! ನಾಡಿದ್ದು ಮದುವೆ.”

ಮಡಿಸಿಡುವಾಗ ಅಪ್ಪ ಅಸಲಿ ರೇಷ್ಮೆಯ ರಾಶಿಗೆ ನಕಲಿಯನ್ನು ಬೆರೆಸಿಬಿಟ್ಟಿದ್ದರು. ಸಾಹುಕಾರರು ಬೈಯಲಿಲ್ಲ. ಅದೇ ಬಣ್ಣದ ಇನ್ನೊಂದು ಸೀರೆ ತೆಗೆದು ಅಪ್ಪನ ಮುಂದಿಟ್ಟರು. “ಇದನ್ನಾದ್ರೂ ಸರಿಯಾಗಿ ನೋಡಿ ಹೇಳ್ರೀ. ಅಸಲಿ ಆದ್ರೆ ಬದಲಿಸಿ ಕೊಡೋಣ.”

ಅಪ್ಪ ಅಂಚನ್ನು ಉಜ್ಜಿದರು. ಮತ್ತೆ ಉಜ್ಜಿದರು. ಎಲ್ಲರೂ ಅವರ ಬೆರಳನ್ನೇ ನೋಡುತ್ತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ ಸೆರಗನ್ನು ಕೆನ್ನೆಯ ಹತ್ತಿರ ಎತ್ತಿದರು.

“ಅಯ್ಯೋ, ಧಾರೆ ಸೀರೆ ಅದು! ಮುಖಕ್ಕೆ ಯಾಕ್ರೀ ಒರೆಸ್ಕೊತೀರ?” ಆಕೆ ಕಿತ್ತುಕೊಂಡರು.

ಅಪ್ಪ ನನ್ನತ್ತ ನೋಡಿದರು. ಕೌಂಟರಿನಿಂದ ಇಳಿಬಿದ್ದಿದ್ದ ಸೀರೆಯ ಇನ್ನೊಂದು ತುದಿ ನನ್ನ ಕೈಗೆ ಸಿಗುವಂತಿತ್ತು. ಹಿಡಿದು ಉಜ್ಜಿದೆ. ನುಣುಪು ಅನ್ನುವುದು ಬಿಟ್ಟು ಬೇರೇನೂ ತಿಳಿಯಲಿಲ್ಲ. ತಲೆ ತಗ್ಗಿಸಿದೆ.

“ನಂಗೆ ಗೊತ್ತಾಗ್ತಿಲ್ಲ ಸಾಹುಕಾರ್ರೇ,” ಎಂದರು ಅಪ್ಪ. “ಬೆರಳು ಸತ್ತೋಗಿದಾವೆ.”

ಸಾಹುಕಾರರೇ ಒಂದು ಎಳೆ ಎಳೆದು ಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಬಂತು. ರೇಷ್ಮೆಯೇ. ಹೊರಡುವಾಗ ಆಕೆ ಮೆತ್ತಗೆ, “ಮೊದ್ಲೇ ಹೇಳಿದ್ರೆ ಹಿಂಗೆಲ್ಲ ಕೂಗ್ತಿರ್ಲಿಲ್ಲಪ್ಪ,” ಎಂದರು.

ಮರುದಿನದಿಂದ ಅಪ್ಪನನ್ನು ಬಾಗಿಲ ಬಳಿ ಕೂರಿಸಿದರು. ಬಂದವರಿಗೆ ನಮಸ್ಕಾರ ಹೇಳುವುದು, ಒಳಗೆ ಕಳಿಸುವುದು, ಅಷ್ಟೇ ಕೆಲಸ. ಹಳೆಯ ಗಿರಾಕಿಗಳು ಅಲ್ಲೇ ನಿಂತು, “ನೀವೇ ಬಂದು ಆರಿಸ್ಕೊಡಿ,” ಎನ್ನುತ್ತಿದ್ದರು. ಎಂಟು ದಿನ ಹೋದರು. ಒಂಬತ್ತನೆಯ ದಿನ ಹೊರಡಲೆಂದು ಚಪ್ಪಲಿ ಮೆಟ್ಟಿದವರು ಮತ್ತೆ ಬಿಚ್ಚಿಟ್ಟು ಒಳಗೆ ಬಂದರು. ಅಮ್ಮ ಕಾಫಿ ಕೊಟ್ಟಳು.

ಅಂಗಡಿ ಬಿಟ್ಟ ಮೇಲೆ ಮನೆಯಲ್ಲಿ ನಮ್ಮೆಲ್ಲರ ಬಟ್ಟೆಗೂ ಅವರೇ ಇಸ್ತ್ರಿ ಹಾಕತೊಡಗಿದರು. ಒಂದು ಸಂಜೆ ನನ್ನ ಕಾಟನ್ ಚೂಡಿದಾರ ಹರವಿಕೊಂಡು ಅಕ್ಕಪಕ್ಕದ ಸುದ್ದಿ ಹೇಳುತ್ತಿದ್ದರು. ಎಡಗೈ ಬೆರಳು ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡೇ ಇತ್ತು. ನಾನು ಚೀರಿ ಕೈ ಎಳೆದೆ. ಚರ್ಮ ಬೆಳ್ಳಗೆ ಬೊಬ್ಬೆ ಎದ್ದಿತ್ತು.

ನಲ್ಲಿಯ ಕೆಳಗೆ ಹಿಡಿದ ಬೆರಳನ್ನು ಅವರು ಯಾರದೋ ಎಂಬಂತೆ ನೋಡಿದರು. “ಅಳ್ಬೇಡ ಮಾರಾಯ್ತಿ,” ಎಂದರು, ನನಗೇ ಸಮಾಧಾನ ಹೇಳುವಂತೆ. “ಒಂಚೂರೂ ನೋವಿಲ್ಲ.”