ಕರಬಸಪ್ಪನವರು ಕಳಿಸಿಕೊಟ್ಟ ಮೂವತ್ತೈದು ನಿಮಿಷ

ಕರಬಸಪ್ಪನವರ ಕಾಲಿಗೆ ಕೋರ್ಟಿನವರು ಕಪ್ಪು ಪಟ್ಟಿ ಕಟ್ಟಿ ಹೋದ ದಿನ ಹೆಂಡತಿ ಬಸಮ್ಮ, "ಮದ್ವ್ಯಾಗೆ ನಮ್ಮಪ್ಪ ಕೊಟ್ಟ ಉಂಗುರ ಸಣ್ಣದಾತು ಅಂತ ಮುನಿಸ್ಕೊಂಡಿದ್ರಿ. ತಗಳ್ರಿ, ಈಗ ಸರ್ಕಾರನೇ ಕಾಲ್ಗಡಗ ಹಾಕೇತಿ" ಎಂದರು.

ದಾವಣಗೆರೆ ಕಡೆಯ ಕರಬಸಪ್ಪ ಮೂವತ್ತು ವರ್ಷ ಇಂಗ್ಲೆಂಡಿನ ಲೆಸ್ಟರಿನಲ್ಲಿ ಎಂಜಿನಿಯರಾಗಿದ್ದವರು. ಜೋರಾಗಿ ಕಾರು ಓಡಿಸಿ ಲೈಸೆನ್ಸ್ ಕಳೆದುಕೊಂಡರು. ಆಮೇಲೂ "ಮಂಡಕ್ಕಿ ಅಂಗಡಿ ಇಲ್ಲೇ ಐತಲ್ಲ" ಎಂದು ಕಾರು ತೆಗೆದು ಸಿಕ್ಕಿಬಿದ್ದರು. ಜೈಲಿನ ಬದಲು ನಾಲ್ಕು ತಿಂಗಳು ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಮನೆಯೊಳಗೇ ಇರಬೇಕೆಂದು ಕೋರ್ಟು ಆದೇಶಿಸಿತು. ಹೊರಗೆ ಹೋದರೆ ಕಾಲಿನ ಪಟ್ಟಿಯ ಸಿಗ್ನಲ್ ತಪ್ಪಿ, ಟಿವಿ ಪಕ್ಕ ಇಟ್ಟ ಪೆಟ್ಟಿಗೆ ಅಧಿಕಾರಿಗಳಿಗೆ ಚಾಡಿ ಹೇಳುತ್ತಿತ್ತು.

ಕುಡಿತವಿಲ್ಲ, ಜೂಜಿಲ್ಲ. ಅವರಿಗಿದ್ದ ಒಂದೇ ಚಟವೆಂದರೆ ಬಂದವರನ್ನು ಕಾರಿನವರೆಗೂ ಹೋಗಿ ಕಳಿಸಿಕೊಡುವುದು. ಮೊದಲ ವಾರವೇ ಗೆಳೆಯ ರಾಜಶೇಖರನನ್ನು ಕಳಿಸಲು ಹೋಗಿ ಎಚ್ಚರಿಕೆಯ ಪತ್ರ ತರಿಸಿಕೊಂಡರು. ಎರಡನೇ ತಿಂಗಳು ವುಲ್ವರ್‌ಹ್ಯಾಂಪ್ಟನ್ನಿನಿಂದ ಡಾಕ್ಟರ್ ತಿಮ್ಮಯ್ಯ, ಹೆಂಡತಿ ಲೀಲಾವತಿಯವರೊಂದಿಗೆ ಬಂದರು. ಆರಕ್ಕೆ "ಬರ್ತೀವಿ" ಎಂದು ಎದ್ದರು. ಆರೂಕಾಲಕ್ಕೆ ಬಾಗಿಲಲ್ಲಿ ಕುಂಕುಮ. ಆರೂಮುಕ್ಕಾಲಕ್ಕೆ ಗೇಟು. ಕಾರು ಶುರು ಮಾಡಿದ ತಿಮ್ಮಯ್ಯ ಗಾಜು ಇಳಿಸಿ, "ಅಂದ್ಹಾಗೆ..." ಎಂದರು. ಅದು ಮುಗಿಯುವಾಗ ಏಳು ಮೂವತ್ತೈದು.

ಆದೇಶ ರದ್ದು ಮಾಡಿ ಜೈಲಿಗೆ ಕಳಿಸಿ ಎಂದು ಶಿಕ್ಷೆಯ ಉಸ್ತುವಾರಿ ನೋಡುವ ಪ್ರೊಬೇಷನ್ ಅಧಿಕಾರಿ ಕೋರ್ಟಿಗೆ ಬರೆದರು. ಕರಬಸಪ್ಪ ಚೀಲದಲ್ಲಿ ವಿಭೂತಿ, ಚಟ್ನಿಪುಡಿ, ಉಣ್ಣೆಯ ಕಾಲುಚೀಲ ತುಂಬಿಕೊಂಡೇ ಕೋರ್ಟಿಗೆ ಹೋದರು.

"ಅಂಕಲ್, ಪ್ಲೀಸ್, ನೀವು ಮಾತಾಡ್ಲೇಬೇಡಿ" ಎಂದಳು ವಕೀಲೆ ಯಾಮಿನಿ, ಅಲ್ಲೇ ಹುಟ್ಟಿದ ಹುಡುಗಿ.

ಅಧಿಕಾರಿ ಪಕ್ಕದ ಮನೆಯವರ ದೂರನ್ನೂ ಲಗತ್ತಿಸಿದ್ದರು: ಬೆಳಗಿನ ಐದಕ್ಕೆ ಇವರು ವಚನ ಹಾಡುತ್ತಾರೆ, ಜೋರಾಗಿ, ಶ್ರುತಿ ಬಿಟ್ಟು. ಮ್ಯಾಜಿಸ್ಟ್ರೇಟ್ ಕನ್ನಡಕ ಸರಿಪಡಿಸಿಕೊಂಡರು.

"ಹಾಡಬಾರದೆಂದು ಆದೇಶದಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ.

"ಹಾಕದ ಷರತ್ತನ್ನು ಮುರಿದರೆಂದು ಆದೇಶ ರದ್ದು ಮಾಡುವ ಅಧಿಕಾರ ನನಗಿಲ್ಲ. ಎಷ್ಟು ಕೆಟ್ಟದಾಗಿ ಹಾಡಿದರೂ ಇಲ್ಲ. ಉಳಿದದ್ದು ಮೂವತ್ತೈದು ನಿಮಿಷ. ಹೋಗಿಬನ್ನಿ ಎನ್ನಲು ಅಷ್ಟು ಹೊತ್ತೇ?"

ಹಿಂದಿನ ಬೆಂಚಿನಿಂದ ಬಸಮ್ಮ ಎದ್ದರು. "ಅವತ್ತು ಜಲ್ದಿನೇ ಮುಗಿಸ್ಯಾರ ತಾಯಿ!"

ಯಾಮಿನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿ, ತನ್ನ ವಾದವನ್ನೂ ಸೇರಿಸಿದಳು: ತಪ್ಪಾಗಿದ್ದು ನಿಜ, ಆದರೆ ತಪ್ಪಾದ ಮಾತ್ರಕ್ಕೆ ರದ್ದು ಮಾಡಲೇಬೇಕೆಂದು ಕಾನೂನಿಲ್ಲ, ಷರತ್ತು ಬಿಗಿ ಮಾಡಿದರೂ ಸಾಕು. ಮ್ಯಾಜಿಸ್ಟ್ರೇಟ್ ಯೋಚಿಸಿದರು. ಬೀಳ್ಕೊಡುಗೆ ಎನ್ನುವುದು ತಕ್ಕ ಕಾರಣವಲ್ಲ ಎಂದರು. ಆದೇಶವನ್ನು ಉಳಿಸಿ, ಮೂರು ವಾರ ಹೆಚ್ಚಿಸಿದರು. "ಮುಂದಿನ ಸಲ ಆ ಚೀಲ ಬೇಕಾಗುತ್ತದೆ" ಎಂದೂ ಹೇಳಿದರು.

ಆ ಭಾನುವಾರ ತಿಮ್ಮಯ್ಯ ದಂಪತಿ ಕ್ಷೇಮ ವಿಚಾರಿಸಲು ಬಂದರು. ಆರೂಮುಕ್ಕಾಲಕ್ಕೆ ಕಾರು ಹತ್ತಿದರು. ಬಸಮ್ಮ ಬಾಗಿಲಿಗೆ ಪೊರಕೆ ಅಡ್ಡ ಹಿಡಿದರು. ಕರಬಸಪ್ಪ ಹೊಸ್ತಿಲೊಳಗೇ ಕೈ ಮುಗಿದು ನಿಂತರು. ಮೂವತ್ತು ವರ್ಷದಲ್ಲಿ ಇಷ್ಟು ಮರ್ಯಾದೆಗೆಟ್ಟು ಯಾರನ್ನೂ ಕಳಿಸಿರಲಿಲ್ಲ.

ತಿಮ್ಮಯ್ಯ ಗಾಜು ಇಳಿಸಿದರು. "ಅಂದ್ಹಾಗೆ..."

ಉಳಿದದ್ದು ಹೊಸ್ತಿಲವರೆಗೆ ಕೇಳಿಸಲಿಲ್ಲ. ತಿಮ್ಮಯ್ಯ ಕಾರು ಆಫ್ ಮಾಡಿ ವಾಪಸು ಬಂದರು. ಲೀಲಾವತಿಯವರೂ ಬಂದರು. ಮಾತು ನಡುಮನೆಯಲ್ಲಿ ನಿಂತುಕೊಂಡೇ ಮುಂದುವರಿಯಿತು. ಎಂಟಾದಾಗ ಬಸಮ್ಮ ಅಕ್ಕಿ ತೊಳೆಯುತ್ತ ಒಳಗಿಂದಲೇ ಕೂಗಿದರು:

"ಕೋರ್ಟಿಗೆ ಹೇಳಿ ಇವ್ರಿಗೂ ಒಂದೊಂದು ಪಟ್ಟಿ ಕಟ್ಸ್ರಿ. ಅವ್ರ ಮನ್ಯಾಗೇ ಇರಂಗೆ!"