ಖಲೀಮುಲ್ಲಾ ಕಂಡ ಎದೆಯ ನಾಳ

ಟಕ್, ಟಕ್ ಎಂದು ಹುಣಸೆ ಕೊರಡಿನ ಮೇಲೆ ಮಚ್ಚಿನ ಪೆಟ್ಟು ಕೇಳಿದರೆ ಚಿಂತಾಮಣಿಯ ಆ ಬೀದಿಗೆ ಬೆಳಗಾದಂತೆ. ಇಪ್ಪತ್ತೆರಡು ವರ್ಷದಿಂದ ಖಲೀಮುಲ್ಲಾ ಅಲ್ಲಿ ಕುರಿಮಾಂಸ ಮಾರುತ್ತಿದ್ದ. ೧೯೬೭ರ ಆ ಶನಿವಾರ ಮಾತ್ರ ಅವನ ಕೈ ಕೆಲಸದಲ್ಲಿತ್ತೇ ಹೊರತು ಮನಸ್ಸಿರಲಿಲ್ಲ.

ಹೆಂಡತಿ ಶಹಜಾದಿ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದು ಕೂರುತ್ತಿದ್ದಳು. ಎದೆಗೋಡೆಯ ರಕ್ತನಾಳವೊಂದನ್ನು ಬಿಡಿಸಿ, ಅದರ ತುದಿಯನ್ನು ಹೃದಯದ ಮಾಂಸದೊಳಗೆ ನೆಡುತ್ತೇವೆ ಎಂದಿದ್ದರು ಮದರಾಸು ಸೀಮೆಯ ದೊಡ್ಡಾಸ್ಪತ್ರೆಯವರು. ಒಪ್ಪಿಗೆಯ ಕಾಗದಕ್ಕೆ ಖಲೀಮುಲ್ಲಾ ಇನ್ನೂ ಹೆಬ್ಬೆಟ್ಟು ಒತ್ತಿರಲಿಲ್ಲ. “ಕುರಿನ ಕೇಳ್ದೆ ಕುಯ್ತೀರ, ನನ್ನ ಕುಯ್ಯೋಕೆ ಇಷ್ಟು ಯೋಚ್ನೇನಾ?” ಎಂದು ಶಹಜಾದಿಯೇ ನಕ್ಕಿದ್ದಳು.

ಅದೇ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದ ಚನ್ನಕೇಶವ ಇದೇ ಊರಿನವನು. ರಜೆಗೆ ಬಂದವನು ಆ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು, ಕಾಗದದ ಸಮೇತ. “ಆ ನಾಳ ಯಾವ್ದು ಅಂತ ಕುರೀಲಿ ಕಣ್ಣಾರೆ ನೋಡಿದ್ಮೇಲೆ ಒತ್ತೀನಪ್ಪ,” ಎಂದು ಖಲೀಮುಲ್ಲಾ ಅವನನ್ನು ಅಂಗಡಿಗೆ ಕರೆಸಿದ್ದ.

ಕುರಿಯ ಎದೆಗೂಡು ಸಿದ್ಧವಾಗಿತ್ತು. ಮದುವೆ ಮನೆಗೆ ಕೊಡುವಂತೆ ತೊಳೆದು, ಒಳಪೊರೆಯನ್ನೆಲ್ಲ ಕಿತ್ತು ಹಸನು ಮಾಡಿದ್ದ.

“ಅಯ್ಯೋ ಸಾಬ್ರೇ, ಪೊರೆ ಜೊತೆ ತೋರಿಸ್ಬೇಕಾದ ನಾಳಾನೂ ಕಿತ್ತು ಹಾಕಿದ್ದೀರಲ್ಲ!”

“ಆ ಎಳೇನಾ? ದಿನಾ ಕಿತ್ತು ನಾಯಿಗೆ ಎಸೀತೀನಲ್ಲಪ್ಪ!”

ಮತ್ತೊಂದು ಎದೆಗೂಡು ಕೊರಡಿಗೆ ಬಂತು. ಎದೆಮೂಳೆಯಿಂದ ಬೆರಳಗಲ ಆಚೆ, ಪಕ್ಕೆಲುಬುಗಳ ಒಳಮೈಗೆ ಅಂಟಿಕೊಂಡು, ಎಡಕ್ಕೊಂದು ಬಲಕ್ಕೊಂದು ನಾಳ ಇಳಿದಿತ್ತು.

“ಹೃದಯದ ನಾಳ ಕಟ್ಕೊಂಡ್ರೂ ಇದು ಅಷ್ಟು ಸುಲಭಕ್ಕೆ ಕಟ್ಕೊಳ್ಳಲ್ಲ. ಹೃದಯದ ಪಕ್ಕದಲ್ಲೇ ಇದೆ ನೋಡಿ, ಅದಕ್ಕೆ ಇದರಿಂದ್ಲೇ ರಕ್ತ ಕೊಡೋದು.”

“ಇದನ್ನ ತೆಗೆದ್ರೆ ಎದೆಗೋಡೆ ಒಣಗೋಗಲ್ವಾ?”

“ಬೆನ್ನಿನ ಕಡೆಯಿಂದ ಒಂದೊಂದು ಪಕ್ಕೆ ಸಂದಿಗೂ ಬೇರೆ ನಾಳ ಬರ್ತವೆ. ಒಂದು ಕಾಲುವೆ ಮುಚ್ಚಿದ್ರೆ ಇನ್ನೊಂದು ಕಡೆಯಿಂದ ನೀರು ಬರಲ್ವಾ, ಹಂಗೆ.”

ಚನ್ನಕೇಶವ ಚಾಕುವಿನ ಮೊನೆಯಿಂದ ನಾಳವನ್ನು ಎಬ್ಬಿಸಿ ಎಳೆದ. ಅದು ನಡುವೆ ಕಿತ್ತು ತುಂಡಾಯಿತು.

“ಚಿಕ್ಕೋನಿದ್ದಾಗ ನನ್ನ ಮಚ್ಚು ಕಂಡು ಅಮ್ಮನ ಸೆರಗು ಹಿಡೀತಿದ್ದೆ. ಈಗ್ಲೂ ಅದೇ ಪುಕ್ಕಲು ಕೈ,” ಎಂದು ನಕ್ಕ ಖಲೀಮುಲ್ಲಾ, ನಗು ಮುಗಿಯುವ ಮೊದಲೇ ಹರಿದ ನಾಳವನ್ನು ಎತ್ತಿ ಹಿಡಿದ. “ಶಹಜಾದೀದೂ ಹಿಂಗೇ ಕಿತ್ರೆ?”

“ಬಿಡಿಸೋದು ನಾನಲ್ಲ, ನಮ್ಮ ದೊಡ್ಡ ಡಾಕ್ಟ್ರು.”

ಖಲೀಮುಲ್ಲಾ ಚಾಕು ಇಸಿದುಕೊಂಡು ಎದೆಗೂಡಿನ ಇನ್ನೊಂದು ಮಗ್ಗುಲಿಗೆ ಬಾಗಿದ. ನಾಳವನ್ನು ಮುಟ್ಟಲೇ ಇಲ್ಲ. ಅದರ ಎರಡೂ ಬದಿಗೆ ಗೆರೆ ಕೊಯ್ದು, ಮಾಂಸದ ಸಣ್ಣ ಪಟ್ಟಿಯ ಸಮೇತ ಮೆಲ್ಲಗೆ ಎಬ್ಬಿಸಿದ. ನಾಳ ಇಡಿಯಾಗಿ ಬಂತು.

“ಬರೀ ಎಳೆ ಎಳೀಬಾರ್ದಪ್ಪ. ಅದರ ಹಾಸಿಗೆ ಸಮೇತ ಎತ್ತಬೇಕು.”

ಚನ್ನಕೇಶವ ಆ ಪಟ್ಟಿಯನ್ನು ಬೆರಳಲ್ಲಿ ಎತ್ತಿ ನೋಡಿದ. “ನಮ್ಮ ಡಾಕ್ಟ್ರು ಎತ್ತೋದೂ ಹಿಂಗೇ. ನಾನೇ ಆತುರ ಬಿದ್ದೆ.”

“ನಿಜವಾಗ್ಲೂ? ಹಿಂಗೇ?”

“ನಿಮ್ಮಾಣೆಗೂ.”

ಖಲೀಮುಲ್ಲಾ ಎರಡು ಸಲ ಕೈ ತೊಳೆದ. ಕಾಗದ ಕೇಳಿ ಇಸಿದುಕೊಂಡು, ಶಾಯಿಗೆ ಅದ್ದಿದ ಹೆಬ್ಬೆಟ್ಟನ್ನು ಒತ್ತಿದ.

“ಇನ್ನೊಂದು ಮಾತು ಸಾಬ್ರೇ. ಖಂಡಿತ ವಾಸಿಯಾಗುತ್ತೆ ಅಂತ ಯಾರೂ ಬರ್ಕೊಡಲ್ಲ. ನೆಟ್ಟ ನಾಳ ಒಳಗೆ ಚಿಗುರೊಡೆಯೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ...”

“ಅವಳಿಗೆ ಬಟ್ಟೆ ಗಂಟು ಕಟ್ಟೋಕೆ ಹೇಳ್ಬೇಕು,” ಎಂದು ಖಲೀಮುಲ್ಲಾ ಅಂಗಡಿಯ ಮೆಟ್ಟಿಲಿಳಿದ. ಚನ್ನಕೇಶವ ಹೇಳುತ್ತಲೇ ಇದ್ದ. ಖಲೀಮುಲ್ಲಾ ಆಗಲೇ ಬೀದಿ ದಾಟಿದ್ದ.